ಡಿಲೀಟ್ ಮಾಡಿದ ಫೋಲ್ಡರ್‌ಗೇ ವಿಂಡೋ ಮತ್ತೆ ಮತ್ತೆ ಹೋಗ್ತಿದೆ, ಸಹಾಯ ಬೇಕು

ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಲೆಕ್ಕವೆಲ್ಲ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿದೆ. ವರ್ಷಕ್ಕೊಂದು ಫೋಲ್ಡರ್, ಒಳಗೆ ಆಳುಗಳ ಬಟವಾಡೆ, ಗೊಬ್ಬರದ ಬಿಲ್ಲು, ಕಾಫಿ ತೂಕದ ಚೀಟಿ.

ನಿನ್ನೆ 2019ರ ಫೋಲ್ಡರ್ ಒಂದು ವಿಂಡೋದಲ್ಲಿ ತೆರೆದಿತ್ತು. ಅದನ್ನೇ ಇನ್ನೊಂದು ವಿಂಡೋದಿಂದ ಡಿಲೀಟ್ ಮಾಡಿದೆ. (ಪೆನ್‌ಡ್ರೈವ್‌ನಲ್ಲಿ ಕಾಪಿ ಇದೆ, ಬೈಬೇಡಿ.) ಮೊದಲ ವಿಂಡೋ ಮಾತ್ರ ಅಲ್ಲೇ ನಿಂತಿದೆ. ಮೇಲೆ ಹಳೆ ಹೆಸರು, ಒಳಗೆ ಖಾಲಿ. ಬೇರೆ ಕಡೆ ಹೋಗಿ ಬ್ಯಾಕ್ ಒತ್ತಿದರೆ ಮತ್ತೆ ಆ ಇಲ್ಲದ ಫೋಲ್ಡರ್‌ಗೇ ಹೋಗಿ ಎರರ್ ತೋರಿಸುತ್ತದೆ.

ಆಲ್ಟ್ ಜೊತೆ ಮೇಲ್ಬಾಣದ ಕೀ ಒತ್ತಿದರೆ ಒಂದೊಂದು ಸಲ ಹೊರಗೆ ಬರಬಹುದು. ಕಂಟ್ರೋಲ್ ಎಲ್ ಒತ್ತಿ ಬೇಕಾದ ಫೋಲ್ಡರ್‌ನ ದಾರಿ (ಪಾತ್) ಟೈಪ್ ಮಾಡಿದರೂ ಆಗುತ್ತದೆ. ಆದರೆ ಸಂಜೆ ಬಟವಾಡೆ ಬರೆಯುವವನು ನನ್ನ ತಮ್ಮ. ಅವನಿಗೆ ಇದೆಲ್ಲ ಹೇಳಿಕೊಟ್ಟು ನನಗೆ ಸಾಕಾಗಿದೆ.

ಫೋಲ್ಡರ್ ಹೋದ ಕೂಡಲೇ ವಿಂಡೋ ತಾನಾಗಿ ಮೇಲಿನ ಫೋಲ್ಡರ್‌ಗೆ ಹೋಗುವ ಹಾಗೆ ಮಾಡಬಹುದಾ?

ಇನ್ನೊಂದು. ಪೆನ್‌ಡ್ರೈವ್‌ನಲ್ಲಿ ಬೇರೆ ಫೈಲ್ ಅಳಿಸಿದರೂ ಜಾಗ ಖಾಲಿಯಾಗಿಲ್ಲ. ಕಂಟ್ರೋಲ್ ಎಚ್ ಒತ್ತಿದಾಗ ಟ್ರ್ಯಾಶ್ ಅಂತ ಒಂದು ಅಡಗಿದ ಫೋಲ್ಡರ್ ಕಂಡಿತು. ಅದನ್ನು ನೇರ ಅಳಿಸಬಹುದಾ, ಕಸದ ಬುಟ್ಟಿ ಖಾಲಿ ಮಾಡಿದರೆ ಸಾಕಾ?

ಇಲ್ಲಿ ಮಳೆ ಜಾಸ್ತಿ. ಕರೆಂಟ್ ಬಂದಾಗ ಉತ್ತರ ನೋಡುತ್ತೇನೆ.