ಬಿರುಕು ಬಿಟ್ಟ ಸೈಕಲ್ ಫ್ರೇಮ್: ಬೆಸುಗೆಯೋ, ಬದಲಾವಣೆಯೋ?

ಕಟಪಾಡಿಯಿಂದ ಪ್ರಶ್ನೆ:
ಆರು ವರ್ಷ ಹಳೆಯ ನನ್ನ ಅಲ್ಯೂಮಿನಿಯಂ ಸೈಕಲ್ಲಿನ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಪಕ್ಕದ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡಿಸಲೇ, ಫ್ರೇಮನ್ನೇ ಬದಲಿಸಲೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಸುರತ್ಕಲ್:
ನಾನು ಬೆಸುಗೆ ಹಾಕಿಸಿ ಕೈ ಸುಟ್ಟುಕೊಂಡವನು. ಲೆಕ್ಕವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ: ಬಿಚ್ಚಿ ಜೋಡಿಸಲು 300, ಆರ್ಗಾನ್ ವೆಲ್ಡಿಂಗಿಗೆ 1,200, ಬಣ್ಣಕ್ಕೆ 450, ರಿಕ್ಷಾಕ್ಕೆ 180, ಒಟ್ಟು 2,130 ರೂಪಾಯಿ. ನಲವತ್ತೊಂದನೆಯ ದಿನ ಕೂಳೂರು ಸೇತುವೆಯ ಮೇಲೆ ಟಕ್ ಎಂದು ಸದ್ದಾಯಿತು. ಇಳಿದು ನೋಡಿದರೆ ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರಿಂದ ಅರ್ಧ ಇಂಚು ಆಚೆ ಪೈಪು ಸೀಳಿತ್ತು. ಸೈಕಲ್ ಫ್ರೇಮಿಗೆ ಬಳಸುವ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದೇ ಕಾರ್ಖಾನೆಯಲ್ಲಿ ಕಾಯಿಸಿ ಹದಗೊಳಿಸುವುದರಿಂದ ಎಂಬುದು ನನಗೆ ಆಮೇಲೆ ತಿಳಿಯಿತು. ಬೆಸುಗೆಯ ಬಿಸಿಗೆ ಸುತ್ತಲಿನ ಭಾಗ ಮೆತ್ತಗಾಗುತ್ತದೆ, ಮತ್ತು ಕಳೆದುಕೊಂಡ ಬಲ ಮರಳಬೇಕಾದರೆ ಇಡೀ ಫ್ರೇಮನ್ನು 500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ 160–180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಅಷ್ಟನ್ನು ಮಾಡಿಕೊಡುವವರು ನನಗೆ ಸಿಗಲಿಲ್ಲ. ಕೊನೆಗೆ ಹೊಸ ಫ್ರೇಮಿಗೆ 14,500 ತೆತ್ತೆ.

ಮಲ್ಪೆ:
ಅಲ್ಯೂಮಿನಿಯಂ ಕೊಂಡದ್ದೇ ಮೊದಲ ತಪ್ಪು. ನನ್ನ ತಂದೆಯವರ 22 ಇಂಚಿನ ಉಕ್ಕಿನ ಸೈಕಲ್ಲಿನ ಅಡ್ಡ ಪೈಪು ಮೀನಿನ ಬುಟ್ಟಿಯ ಭಾರಕ್ಕೆ ಹ್ಯಾಂಡಲಿನ ಬಳಿ ಬಿರಿದಾಗ, ದೋಣಿ ಕೆಲಸದ ಗ್ಯಾಸ್ ವೆಲ್ಡಿಂಗಿನವರೊಬ್ಬರು ಬಣ್ಣ ಕೆರೆದು, ಹಿತ್ತಾಳೆ ಕಡ್ಡಿ ಹಿಡಿದು 350 ರೂಪಾಯಿಗೆ ಮುಗಿಸಿದರು. ಹಿತ್ತಾಳೆ ಸುಮಾರು 900 ಡಿಗ್ರಿಗೆ ಹರಿಯುತ್ತದೆ, ಉಕ್ಕು ಕರಗುವುದು 1,400 ದಾಟಿದ ಮೇಲೆ. ಆದ್ದರಿಂದ ಪೈಪು ಕರಗದೆ ಸಂದಿನೊಳಗೆ ಹಿತ್ತಾಳೆ ಇಳಿದು ಕಚ್ಚಿಕೊಳ್ಳುತ್ತದೆ. ಒಂಬತ್ತು ವರ್ಷಗಳಾದವು, ಇಂದು ಬೆಳಿಗ್ಗೆಯೂ ಅದರಲ್ಲೇ ಬಂದರಿಗೆ ಹೋಗಿ ಬಂದೆ.

ಸುರತ್ಕಲ್:
ಅಲ್ಯೂಮಿನಿಯಂ ಬಗ್ಗೆ ಕೇಳಿದವರಿಗೆ ಹಿತ್ತಾಳೆಯ ಕಥೆ ಹೇಳುತ್ತೀರಲ್ಲ ಮಾರಾಯ್ರೇ! ಅವರು ಮೀನು ಹೊರುವುದಿಲ್ಲ.

ಮಣಿಪಾಲ:
ಉಕ್ಕನ್ನು ಹೊಗಳುವವರು ಸೀಟಿನ ಪೈಪಿನೊಳಗೆ ಎಂದಾದರೂ ಇಣುಕಿದ್ದೀರಾ? ನನ್ನ ಫ್ರೇಮಿಗೂ ಹಿತ್ತಾಳೆ ಬೆಸುಗೆ ಹಾಕಿಸಲು ಹೋಗಿದ್ದೆ. ಫ್ರೇಮನ್ನು ತಲೆಕೆಳಗು ಮಾಡಿದಾಗ ಒಂದು ಹಿಡಿ ಕೆಂಪು ಪುಡಿ, ಹುಣಸೆಹುಳಿ ಬಣ್ಣದ ನೀರಿನೊಂದಿಗೆ ನೆಲಕ್ಕೆ ಸುರಿಯಿತು. ನಾಲ್ಕು ಮಳೆಗಾಲದ ನೀರು ಸೀಟಿನ ಕಂಬದ ಬದಿಯಿಂದ ಇಳಿದು ತಳದಲ್ಲಿ ನಿಂತಿತ್ತು. ಬೆಸುಗೆಯವರು ಜ್ವಾಲೆ ಹಿಡಿದಲ್ಲೆಲ್ಲ ತೂತು ಬಿದ್ದಿತು; 350, ಮತ್ತೆ 600, ಮತ್ತೆ ತುಂಡು ಪೈಪು ಸೇರಿಸಲು 950 ಕೊಟ್ಟು ಗುಜರಿಗೆ ಹಾಕಿದೆ.

ಮಲ್ಪೆ:
ಮಳೆಗಾಲಕ್ಕೆ ಮೊದಲು ಒಳಗೆ ಎಣ್ಣೆ ಬಿಡದವರ ಸೋಮಾರಿತನಕ್ಕೆ ಲೋಹವನ್ನು ದೂರಬಾರದು. ಉಪ್ಪುಗಾಳಿಯಲ್ಲಿ ಬದುಕುವ ನನ್ನ ಸೈಕಲ್ಲೇ ಗಟ್ಟಿಯಾಗಿರುವಾಗ ಗುಡ್ಡದ ಮೇಲಿನವರ ದೂರು ನನಗೆ ಅರ್ಥವಾಗುವುದಿಲ್ಲ.

ಕಾಪು:
ನಿಮ್ಮಿಬ್ಬರ ಜಗಳದಲ್ಲಿ ಹೊಸ ಫ್ರೇಮಿನ ನಿಜವಾದ ಖರ್ಚನ್ನು ಯಾರೂ ಹೇಳಲಿಲ್ಲ. ನಾನು 11,000ಕ್ಕೆ ಬರಿಯ ಫ್ರೇಮ್ ತರಿಸಿದೆ. ಹಳೆಯ ಸೀಟ್ ಪೋಸ್ಟ್ (ಸೀಟಿನ ಕಂಬ) 27.2 ಮಿಲಿಮೀಟರ್, ಹೊಸದಕ್ಕೆ ಬೇಕಾದದ್ದು 31.6, ಹಳೆಯ ಹಿಂಚಕ್ರದ ಹಬ್ (ನಡುವಿನ ಗುಂಬ) 130 ಮಿಲಿಮೀಟರ್, ಹೊಸ ಫ್ರೇಮಿನಲ್ಲಿ ಅದು ಕೂರುವ ಜಾಗದ ಅಗಲ 135, ಹಳೆಯದು ರಿಮ್ ಬ್ರೇಕ್, ಹೊಸದರಲ್ಲಿ ಡಿಸ್ಕಿಗೆ ಮಾತ್ರ ಜಾಗ. ಒಂದೊಂದನ್ನೇ ಕೊಳ್ಳುತ್ತ ಹೋಗಿ 27,400ಕ್ಕೆ ನಿಂತಾಗ, ಅಷ್ಟಕ್ಕೆ ಇಡೀ ಸೈಕಲ್ ಬರುತ್ತಿತ್ತೆಂದು ಮನೆಯವರು ಹೇಳಿದ ಮಾತಿಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ.

ಸುರತ್ಕಲ್:
ಅಳತೆ ನೋಡದೆ ಕೊಂಡದ್ದು ನಿಮ್ಮ ತಪ್ಪು. ನನ್ನ 14,500ರ ಫ್ರೇಮಿಗೆ ಹಳೆಯ ಸಾಮಾನೆಲ್ಲ ಕೂತಿತು.

ಕಾಪು:
ನಲವತ್ತೊಂದು ದಿನ ಒಡಕು ಫ್ರೇಮಿನಲ್ಲಿ ಸೇತುವೆ ದಾಟಿದವರಿಂದ ನನಗೆ ಬುದ್ಧಿವಾದ ಬೇಡ.

ಕಟಪಾಡಿ:
ಎಲ್ಲರಿಗೂ ಧನ್ಯವಾದಗಳು. ವೆಲ್ಡಿಂಗ್ ಯೋಚನೆ ಬಿಟ್ಟು, ಅಳತೆ ತೆಗೆಯಲೆಂದು ಸೀಟ್ ಪೋಸ್ಟನ್ನು ಬಿಚ್ಚಲು ಕುಳಿತೆ. ಉಪ್ಪು ಕಟ್ಟಿ ಅದು ಫ್ರೇಮಿಗೇ ಅಂಟಿಕೊಂಡಿದೆ. ಎರಡು ದಿನ ಎಣ್ಣೆ ಬಿಟ್ಟರೂ ಅಲುಗುತ್ತಿಲ್ಲ.

ಮಲ್ಪೆ:
ಉಕ್ಕಿನದಾಗಿದ್ದರೆ ಕಾಯಿಸಿ ತೆಗೆಯಬಹುದಿತ್ತು.