ಹಳೇ ಕ್ರಯಪತ್ರ ಪಟ್ಟಿ ಮಾಡುವಾಗ ಹೆಸರು, ತಾರೀಖು ಹೇಗೆ ಬರೆಯೋದು?

ಹೊಳೆದಂಡೆ:
ನಮ್ಮೂರಿನ ಮನೆಗಳಲ್ಲಿರುವ ಹಳೇ ಜಮೀನು ಪತ್ರಗಳನ್ನೆಲ್ಲ ಎಕ್ಸೆಲ್‌ಗೆ ಹತ್ತಿಸುತ್ತಿದ್ದೇನೆ. ಒಂದರಲ್ಲಿ ಇಸವಿ ಇರುವ ಜಾಗ ಹುಳ ತಿಂದಿದೆ. ಉಳಿದಿರೋದು 'ಮನ್ಮಥ ಸಂ|| ಮಾಘ ಬ ೫' (ಮನ್ಮಥ ಸಂವತ್ಸರ, ಮಾಘ ಬಹುಳ ಪಂಚಮಿ) ಅಷ್ಟೇ. ಬರೆಸಿಕೊಟ್ಟವನು 'ತಿಂಮೇಗೌಡ ಬಿನ್ ಸಿದ್ದೇಗೌಡ'. ಇದನ್ನು ತಿಮ್ಮೇಗೌಡ ಅಂತ ತಿದ್ದಲಾ? ತಾರೀಖು 1895 ಅಂತ ಹಾಕಲಾ?

ಪತ್ರಬರಹ:
ತಿದ್ದಬೇಡಿ. ಪತ್ರ ಬರೆಯೋದೇ ನನ್ನ ಕಸುಬು, ಈಗಲೂ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂರುತ್ತೇನೆ. ಹಳಬರು ತಿಂಮ, ನಂಜಂಮ ಅಂತಲೇ ಬರೆಯುತ್ತಿದ್ದರು. ಒಂದು ಕಾಲಂನಲ್ಲಿ ಕಾಗದದಲ್ಲಿ ಇದ್ದ ಹಾಗೆ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಮಾಡಿ, ಈಗಿನ ರೂಪ ಅಲ್ಲಿ ಹಾಕಿ. ಹುಡುಕೋರು ಎರಡನೆಯದರಲ್ಲಿ ಹುಡುಕಲಿ. ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ) ಆದ ಮೇಲಿನ ಹೆಸರಿಗೂ ಬೇರೆ ಕಾಲಂ ಇರಲಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ಮಾಮೂಲಿ. ಒಂದೇ ಮನೆಯಲ್ಲಿ 'ತಿಮ್ಮೇಗೌಡ ಬಿನ್ ಸಿದ್ದೇಗೌಡ', 'ಸಿದ್ದೇಗೌಡ ಬಿನ್ ತಿಮ್ಮೇಗೌಡ' ಸರದಿ ಮೇಲೆ ಬರುತ್ತಾರೆ. ಇಬ್ಬರು ತಿಮ್ಮೇಗೌಡರನ್ನು ಒಬ್ಬನೇ ಅಂದುಕೊಂಡು ಸೇರಿಸಿಬಿಟ್ಟರೆ ಜಮೀನೇ ಅದಲುಬದಲಾಗುತ್ತೆ.

ಇನ್ನು ತಾರೀಖು. ಮನ್ಮಥ 1895ರ ಯುಗಾದಿಗೆ ಶುರುವಾಯಿತು, ನಿಜ. ಆದರೆ ಮಾಘ ಬರೋದು ಜನವರಿ-ಫೆಬ್ರವರಿ ಹೊತ್ತಿಗೆ. ಹಾಗಾಗಿ ನಿಮ್ಮ ಪತ್ರ 1896ಕ್ಕೆ ಬೀಳುತ್ತೆ. ಅದೂ ಅರವತ್ತು ವರ್ಷದ ಈ ಸುತ್ತೇ ಆಗಿದ್ದರೆ! ಮನ್ಮಥ 1835ರಲ್ಲೂ ಬಂದಿದೆ, 1955ರಲ್ಲೂ ಬಂದಿದೆ. ಛಾಪಾ ಕಾಗದದ ಹಿಂಭಾಗ ನೋಡಿ. ಸ್ಟಾಂಪ್ ವೆಂಡರ್ ಯಾರಿಗೆ, ಯಾವತ್ತು ಮಾರಿದ ಅಂತ ಷರಾ ಬರೆದಿರುತ್ತಾನೆ. ರಿಜಿಸ್ಟರ್ ಆಗಿದ್ದರೆ ಮೊಹರಿನ ತಾರೀಖೂ ಅಲ್ಲೇ ಸಿಗುತ್ತೆ.

ಅಕ್ಷರ ಗೊತ್ತಾಗದೇ ಇದ್ದರೆ ಮೊದಲು 'ಬರೆಸಿಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ' ಅನ್ನೋ ಸಾಲಿಗೆ ಹೋಗಿ. ಅದು ಎಲ್ಲ ಪತ್ರದಲ್ಲೂ ಹೆಚ್ಚು ಕಮ್ಮಿ ಒಂದೇ. ಆ ಶಾನುಭೋಗರ ಕ, ತ, ರ ಹೇಗಿದೆ ಅಂತ ಅಲ್ಲಿ ಕಲಿತುಕೊಂಡು ಆಮೇಲೆ ಹೆಸರಿಗೆ ಬನ್ನಿ. ೩, ೬, ೯ ಮಾತ್ರ ಯಾರ ಕೈಯಲ್ಲೂ ನಂಬೋ ಹಾಗಿಲ್ಲ. ಮೊಬಲಗನ್ನು ಅಕ್ಷರದಲ್ಲೂ ಬರೆದಿರುತ್ತಾರಲ್ಲ, ಅದರ ಜೊತೆ ತಾಳೆ ನೋಡಿ. ಕೊನೆಯಲ್ಲಿ 'ಬಿಕ್ಕಲಂ' ಅಂತ ಬರುವ ಹೆಸರು ಪತ್ರ ಬರೆದವನದು. ಅವನನ್ನು ಸಾಕ್ಷಿ ಪಟ್ಟಿಗೆ ಸೇರಿಸಬೇಡಿ.

ಗುಂಟೆಲೆಕ್ಕ:
ಎಕ್ಸೆಲ್ ಅಂದ್ರಲ್ಲ, ಟೈಪ್ ಮಾಡೋ ಮೊದಲೇ ಎಲ್ಲ ಕಾಲಂ 'ಟೆಕ್ಸ್ಟ್' ಮಾಡಿಕೊಳ್ಳಿ. ಮೂರು ಎಕರೆ ಹನ್ನೆರಡು ಗುಂಟೆ ಅಂತ 3-12 ಹೊಡೆದರೆ ಅದು ಡಿಸೆಂಬರ್ 3 ಆಗಿ ಕೂರುತ್ತದೆ. ಇನ್ನು 1900ಕ್ಕಿಂತ ಹಿಂದಿನ ತಾರೀಖನ್ನು ಎಕ್ಸೆಲ್ ತಾರೀಖು ಅಂತಲೇ ಒಪ್ಪಲ್ಲ. 3.12 ಅಂತಲೂ ಬರೆಯಬೇಡಿ. ಎಕರೆಗೆ ನಲವತ್ತು ಗುಂಟೆ, ಸುಮ್ನೆ ಕೂಡಿಸಿದರೆ ಲೆಕ್ಕ ತಪ್ಪುತ್ತೆ.

ಹೊಳೆದಂಡೆ:
ಹಿಂಭಾಗ ನೋಡಿದೆ. ವೆಂಡರ್ ಷರಾದಲ್ಲಿ 1896 ಫೆಬ್ರವರಿ ಅಂತ ಓದೋಕೆ ಬರ್ತಿದೆ, ದಿನ ಅಳಿಸಿದೆ. ಇನ್ನೊಂದು ಅನುಮಾನ. ಚೆಕ್ಕುಬಂದಿಯಲ್ಲಿ (ಜಮೀನಿನ ನಾಲ್ಕು ದಿಕ್ಕಿನ ಗಡಿ ಬರೆಯೋ ಕಡೆ) 'ಪೂರ್ವಕ್ಕೆ ಬೋರನ ಹೊಲ' ಅಂತ ಮಾತ್ರ ಇದೆ. ಯಾವ ಬೋರ ಅಂತ ಊರಲ್ಲಿ ಹಿರಿಯರಿಗೆ ಗೊತ್ತು. ತಂದೆ ಹೆಸರು ಸೇರಿಸಬಹುದಾ?

ಪತ್ರಬರಹ:
ಬೋರ ಅಂತಷ್ಟೇ ಬರೆಯಿರಿ, ತಂದೆ ಕಾಲಂ ಖಾಲಿ ಬಿಡಿ. ಹಿರಿಯರು ಹೇಳಿದ್ದು ಷರಾ ಕಾಲಂಗೆ ಹೋಗಲಿ, 'ಊರವರ ಮಾತು' ಅಂತ ನಮೂದಿಸಿ. ದಿನ ಅಳಿಸಿದ್ದರೂ ಪರವಾಗಿಲ್ಲ, '1896 ಫೆಬ್ರವರಿ' ಅಂತ ನಿಲ್ಲಿಸಿ. 'ಮಾಘ ಬ ೫' ಪಕ್ಕದ ಕಾಲಂನಲ್ಲಿ ಹಾಗೇ ಇರಲಿ. ಪಂಚಾಂಗ ಹಿಡಿದು ದಿನ ಕಂಡುಹಿಡಿಯೋರು ಯಾರಾದರೂ ಆಮೇಲೆ ಬರ್ತಾರೆ.