ನಾರ್ಕ್ಯಾನ್ ಮನೆಯಲ್ಲಿರಲಿ ಎಂದದ್ದಕ್ಕೆ ಬಂದ ಉತ್ತರಗಳ ಬಗ್ಗೆ

ಅಫೀಮಿನ ಜಾತಿಯ ಮಾದಕವಸ್ತು ಮಿತಿಮೀರಿ ಉಸಿರು ನಿಲ್ಲುತ್ತಿರುವವರನ್ನು ಬದುಕಿಸಬಲ್ಲ ಮೂಗಿನ ಸ್ಪ್ರೇ ನಾರ್ಕ್ಯಾನ್. ಅದನ್ನು ಮನೆಯಲ್ಲೊಂದು ಇಟ್ಟುಕೊಳ್ಳಿ ಎಂದು ಇಲ್ಲಿ ಬರೆದಿದ್ದೆ. ಒಬ್ಬಿಬ್ಬರು ತಾಯಂದಿರು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಉಳಿದವರದು ಒಂದೇ ರಾಗ: ನಮ್ಮ ಮನೆಯಲ್ಲಿ ಅಂಥ ವಾತಾವರಣವಿಲ್ಲ.

ಇಲ್ಲದಿರಬಹುದು. ಆದರೆ ಅಮೆರಿಕದಲ್ಲಿ ಮಾದಕವಸ್ತು ಬಳಸುವ ಹೈಸ್ಕೂಲು ಮಕ್ಕಳ ಪ್ರಮಾಣ ಏರದಿದ್ದರೂ 2019ರಿಂದ 2021ರೊಳಗೆ ಮಾದಕವಸ್ತು ಮಿತಿಮೀರಿ ಹದಿಹರೆಯದವರು ಸಾಯುವುದು ಸುಮಾರು ಎರಡು ಪಟ್ಟಾಯಿತು. ಮುಖ್ಯ ಕಾರಣ ಫೆಂಟನಿಲ್, ಅಫೀಮಿನ ಜಾತಿಯದೇ ಆದ ಅತಿ ಪ್ರಬಲ ನೋವುನಿವಾರಕ. ಅದರ ಎರಡು ಮಿಲಿಗ್ರಾಂ, ಅಂದರೆ ಹತ್ತು ಹದಿನೈದು ಹರಳು ಉಪ್ಪಿನಷ್ಟು, ಜೀವ ತೆಗೆಯಬಲ್ಲದು. ಪರ್ಕೊಸೆಟ್ (ನೋವಿನ ಮಾತ್ರೆ), ಜಾನಾಕ್ಸ್ (ಆತಂಕದ ಮಾತ್ರೆ) ಎಂದು ಮಾರುವ ನಕಲಿ ಮಾತ್ರೆಗಳಲ್ಲಿ ಅದು ಬೆರೆತಿರುತ್ತದೆ. ಕಣ್ಣಿಗೆ ಅಸಲಿಯಂತೆಯೇ ಕಾಣುತ್ತವೆ. ಸಾಯಲು ವ್ಯಸನಿಯೇ ಆಗಿರಬೇಕಿಲ್ಲ, ಮೊದಲ ಮಾತ್ರೆಯೇ ಸಾಕಾಗಬಹುದು.

ನಮ್ಮವರ ಮಕ್ಕಳ ವಿಷಯದಲ್ಲಿ ಪಾರ್ಟಿಗಿಂತ ನನಗೆ ಹೆಚ್ಚು ಭಯವಿರುವುದು ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ, ಮೇ ತಿಂಗಳ ಎಪಿ ಪರೀಕ್ಷೆಗಳದ್ದು. ರಾತ್ರಿಯಿಡೀ ಓದಲು ಏಕಾಗ್ರತೆಯ ಮಾತ್ರೆ ಆಡರಾಲ್ ಬೇಕೆನಿಸುತ್ತದೆ, ವೈದ್ಯರ ಚೀಟಿ ಇರುವುದಿಲ್ಲ, ಸ್ನ್ಯಾಪ್‌ಚಾಟ್‌ನಲ್ಲಿ ಮಾರುವವರು ಇದ್ದೇ ಇದ್ದಾರೆ. ಆ ಮಾತ್ರೆಯೂ ನಕಲಿಯಾಗಿರಬಹುದು. ಹನ್ನೊಂದನೆಯ ತರಗತಿಯ ನನ್ನ ಮಗಳನ್ನು ಕೇಳಿದೆ. "ಯಾರ ಹತ್ತಿರ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು, ಅಪ್ಪಾ" ಎಂದಳು, ಲೆಕ್ಕ ಬಿಡಿಸುತ್ತಿದ್ದ ಕೈ ನಿಲ್ಲಿಸದೆ. ತೊಂಬತ್ತೆಂಟು ಬಂದರೆ ಉಳಿದೆರಡು ಎಲ್ಲಿ ಹೋಯಿತು ಎಂದು ಕೇಳುವ ಮನೆಗಳು ನಮ್ಮವು, ಅದನ್ನೂ ನೆನಪಿಡೋಣ.

ಯಾರೂ ಎತ್ತದ ಇನ್ನೊಂದು ವಿಷಯ ವೀಸಾ. ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತೊಂದು ದಾಟಿದವರಿಗೆ ಗಾಂಜಾ ಕಾನೂನುಬದ್ಧ. ಆದರೆ ಫೆಡರಲ್ ಕಾನೂನಿನಲ್ಲಿ ಅದು ಅಪರಾಧವೇ, ವಲಸೆ ಇಲಾಖೆ ನೋಡುವುದು ಅದನ್ನೇ. ನಾಗರಿಕರಲ್ಲದವರಿಗೆ ಶಿಕ್ಷೆಯಾಗದಿದ್ದರೂ, ಸೇದಿದ್ದೆ ಎಂದು ಒಪ್ಪಿಕೊಂಡರೆ ಸಾಕು, ಗ್ರೀನ್ ಕಾರ್ಡಿಗೆ, ಪೌರತ್ವಕ್ಕೆ ಕುತ್ತು ಬರಬಹುದು. ಎಚ್-4 (ಅವಲಂಬಿತರ ವೀಸಾ) ಮೇಲಿರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಹೇಳುವಾಗಲೇ ಇನ್ನೊಂದು ಮಾತನ್ನೂ ಸೇರಿಸಿ, ಇಲ್ಲದಿದ್ದರೆ ಅನಾಹುತ: ಗೆಳೆಯ ಕುಸಿದು ಬಿದ್ದಾಗ ವೀಸಾದ ಭಯದಿಂದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡದೆ ಓಡಿಬರಬಾರದು. ಮೇಲೆ ಹೇಳಿದ ಅವಧಿಯ ಸಾವುಗಳಲ್ಲಿ ಸುಮಾರು ಮೂರನೇ ಎರಡು ಭಾಗದಲ್ಲಿ ಹತ್ತಿರದಲ್ಲಿ ಯಾರಾದರೊಬ್ಬರು ಇದ್ದರು. ಹೆಚ್ಚಿನ ಕಡೆ ಅವರಿಂದ ಏನೂ ಆಗಲಿಲ್ಲ. ಕರೆ ಮಾಡಿದವರನ್ನೂ ಬಿದ್ದವರನ್ನೂ ಸ್ವಂತ ಬಳಕೆಗೆ ಮಾದಕವಸ್ತು ಇಟ್ಟುಕೊಂಡ ಆರೋಪದಿಂದ ರಕ್ಷಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2013ರಿಂದಲೇ ಇದೆ.

ಈಗ ನಾರ್ಕ್ಯಾನ್. 2023ರಿಂದ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಸಿಗುತ್ತದೆ, ಎಷ್ಟೋ ಕೌಂಟಿಗಳಲ್ಲಿ ಉಚಿತ. ತುಟಿ ನೀಲಿಗಟ್ಟಿ, ಗೊರಗೊರ ಸದ್ದಾಗಿ, ಅಲುಗಾಡಿಸಿದರೂ ಎಚ್ಚರವಾಗದಿದ್ದರೆ 911ಕ್ಕೆ ಕರೆ ಮಾಡಿ ಒಂದು ಮೂಗಿನ ಹೊಳ್ಳೆಗೆ ಸಿಂಪಡಿಸಬೇಕು. ಎರಡು ಮೂರು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಇನ್ನೊಂದು ಹೊಳ್ಳೆಗೆ. ಕಾರಣ ಫೆಂಟನಿಲ್ ಅಲ್ಲದಿದ್ದರೆ ಇದರಿಂದ ಹಾನಿಯೇನಿಲ್ಲ. ಪರಿಣಾಮ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುವುದರಿಂದ ಎದ್ದು ಕುಳಿತರೂ ಆಸ್ಪತ್ರೆಗೆ ಹೋಗಲೇಬೇಕು. ಡಬ್ಬಿ ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಿರಲಿ, ಬೀಗದೊಳಗೆ ಇಡಬೇಡಿ.

ಭಾನುವಾರ ಕನ್ನಡ ತರಗತಿ ನಡೆಯುವಾಗ ಪೋಷಕರು ಹೊರಗೆ ಹರಟುತ್ತ ಕುಳಿತಿರುತ್ತೇವೆ. ಆ ಹೊತ್ತಿನಲ್ಲಿ ತರಬೇತಿ ಕೊಡುವಂತೆ ಕೌಂಟಿಯ ಆರೋಗ್ಯ ಇಲಾಖೆಗೆ ಬರೆಯುತ್ತಿದ್ದೇನೆ. ಬರುವವರು ಇಲ್ಲೇ ತಿಳಿಸಿ, ಹೈಸ್ಕೂಲು ಮಕ್ಕಳನ್ನೂ ಕರೆತನ್ನಿ.